ಹಂದಿಯ ಕಡೆಯವರು

ಹನ್ನೊಂದು ವರ್ಷಗಳಿಂದ ಆಕೆ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಹಂದಿಯ ಭ್ರೂಣಗಳನ್ನು ಚುಚ್ಚುತ್ತಿದ್ದಳು. ಹಂದಿಯ ಅಂಗವನ್ನು ಕಸಿ ಮಾಡಿದ ಕೂಡಲೇ ಮನುಷ್ಯನ ದೇಹವನ್ನು ಕೆರಳಿಸುವ ಜೀನ್‌ಗಳನ್ನು ಕತ್ತರಿಸಿ ಹಾಕುವುದು, ಜಗಳ ತಣಿಸುವಂಥ ಮನುಷ್ಯರ ಜೀನ್‌ಗಳನ್ನು ಸೇರಿಸುವುದು, ಇಷ್ಟೇ ಕೆಲಸ. ಮುನ್ನೂರು ಭ್ರೂಣ ಚುಚ್ಚಿದರೆ ಮೂವತ್ತು ಉಳಿಯುತ್ತಿದ್ದವು; ಆ ಮೂವತ್ತನ್ನು ತಾಯಿಹಂದಿಗಳ ಗರ್ಭದಲ್ಲಿ ಇಟ್ಟರೆ ಒಂದೋ ಎರಡೋ ಮರಿ. ಒಂದು ವರ್ಷ ಅದೂ ಇಲ್ಲ. ಸಂಸ್ಥೆಯ ನಿರ್ದೇಶಕರಿಗೆ ಜೀವಮಾನದ ಸಾಧನೆಗಾಗಿ ಸನ್ಮಾನವಾದದ್ದು ಆ ವರ್ಷವೇ.

ನೆಂಟರಲ್ಲಿ ಆಕೆಗೆ ‘ಹಂದಿ ಮೇಡಂ’ ಎಂದು ಹೆಸರು. ಇಟ್ಟವರು ಅಕ್ಕನ ಗಂಡ. ಮೂವತ್ತೈದು ವರ್ಷ ಹೆಡ್‌ಮಾಸ್ಟರಾಗಿದ್ದು ನಿವೃತ್ತರಾದ ಈ ಭಾವ, ಬಾಗಿಲ ಹಿಡಿಕೆಯನ್ನು ಕರವಸ್ತ್ರದಲ್ಲಿ ಹಿಡಿದು ತೆರೆಯುವಷ್ಟು ಶುಚಿ. ನಾದಿನಿ ಮನೆಗೆ ಬಂದರೆ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು. “ದೇವರು ಬರೆದದ್ದನ್ನ ತಿದ್ದೋಕೆ ಇವಳ್ಯಾರು?” ಎಂದು ಎಲ್ಲರ ಮುಂದೆ ಕೇಳುತ್ತಿದ್ದರು. ಜೀವಮಾನವಿಡೀ ಕೆಂಪು ಶಾಯಿಯಲ್ಲಿ ಕಂಡವರ ಮಕ್ಕಳ ಬರಹ ತಿದ್ದಿದವರು. ಆ ಹಕ್ಕು ಯಾರಿಗಿದೆ, ಯಾರಿಗಿಲ್ಲ ಎಂಬುದು ಅವರಿಗೆ ಗೊತ್ತಿರಬೇಕಾದದ್ದೇ.

ಇಂಥವರ ಮೂತ್ರಪಿಂಡಗಳು ಎರಡೂ ಒಟ್ಟಿಗೆ ಕೈಕೊಟ್ಟವು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರದ ಪಕ್ಕ ಕೂರುವುದಾಯಿತು. “ನಿನಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ ಅಣ್ಣಾ” ಎನ್ನುತ್ತಿದ್ದ ತಮ್ಮನಿಗೆ, ಪ್ರಾಣ ಬೇಡ ಒಂದು ಕಿಡ್ನಿ ಸಾಕು ಎಂದಾಗ ಹಳೆಯ ಬೆನ್ನುನೋವು ನೆನಪಾಯಿತು. ಸೋದರಳಿಯ ಮೂರು ಸಲ ಪರೀಕ್ಷೆಗೆ ಹೊರಟು ಮೂರು ಸಲವೂ ದಾರಿ ತಪ್ಪಿದ. ಆಸ್ಪತ್ರೆ ಅವನ ಆಫೀಸಿನ ಎದುರಿಗೇ ಇತ್ತು. ಅಕ್ಕ ಒಬ್ಬಳೇ ತುಟಿಪಿಟಕ್ಕೆನ್ನದೆ ಹೋಗಿ ರಕ್ತ ಕೊಟ್ಟು ಬಂದಳು. ಅವಳಿಗೆ ಸಕ್ಕರೆ ಕಾಯಿಲೆ, ಆಗದು ಎಂದರು ವೈದ್ಯರು.

ಆಮೇಲೆ ಒಂದು ದಿನ ಭಾವನ ಫೋನ್ ಬಂತು. ಅವರಾಗಿಯೇ ಮಾಡಿದ್ದು ಅದೇ ಮೊದಲು.

“ಏನಮ್ಮಾ, ಹೇಗಿದೀಯ?”

“ಚೆನ್ನಾಗಿದೀನಿ ಭಾವ.”

“ನಿನ್ನ ಆ... ಅವುಗಳು?”

“ಹಂದಿಗಳಾ? ಅವೂ ಚೆನ್ನಾಗಿವೆ.”

“ಸಂತೋಷ. ತುಂಬಾ ಸಂತೋಷ. ನಮ್ಮ ಮನೇಲಿ ತಲೆ ಅಂತ ಇರೋದು ನಿನಗೊಬ್ಬಳಿಗೇ ಅಂತ ನಾನು ಯಾವಾಗ್ಲೂ ಹೇಳ್ತಿರ್ತೀನಿ.”

ಯಾರ ಹತ್ತಿರ ಹೇಳುತ್ತಿದ್ದರೋ, ಆಕೆ ಕೇಳಲಿಲ್ಲ. ಹಂದಿಯ ಮೂತ್ರಪಿಂಡವನ್ನು ಮನುಷ್ಯರಿಗೆ ಕಸಿ ಮಾಡುವ ಮೊದಲ ಪ್ರಯೋಗಕ್ಕೆ ಆಗಷ್ಟೇ ಅನುಮತಿ ಸಿಕ್ಕಿತ್ತು. ರೋಗಿಯನ್ನು ಆರಿಸುವುದು ಆಸ್ಪತ್ರೆಯ ಸಮಿತಿ, ನೆಂಟಳಾದ ತಾನು ಆ ಕೋಣೆಯ ಹತ್ತಿರವೂ ಸುಳಿಯುವಂತಿಲ್ಲ ಎಂದು ವಿವರಿಸಿದಳು. “ಉಳಿಯುತ್ತೆ ಅನ್ನೋ ಖಾತ್ರಿನೂ ಇಲ್ಲ ಭಾವ. ಯೋಚನೆ ಮಾಡಿ.”

“ಯೋಚನೆ ಮಾಡಿದೀನಿ. ಅದನ್ನ ಒಂದ್ಸಲ ನೋಡ್ಬಹುದಾ? ಎಂಥಾ ಜಾಗದಲ್ಲಿದೆ, ಕ್ಲೀನಾಗಿದೆಯಾ ಅಂತ.”

ಅಕ್ಕನ ಜೊತೆ ಬಂದರು. ಹಂದಿಮನೆಗೆ ಹೋಗುವ ಮೊದಲು ಎರಡು ಸಲ ಸ್ನಾನ ಮಾಡಬೇಕು, ಉಗುರು ಉಜ್ಜಬೇಕು, ಸಂಸ್ಥೆಯ ಬಟ್ಟೆ, ಟೋಪಿ, ಮಾಸ್ಕ್ ತೊಡಬೇಕು. ಭಾವ ಎಲ್ಲವನ್ನೂ ಸಂತೋಷದಿಂದಲೇ ಮಾಡಿದರು. ಒಳಬಾಗಿಲ ಹತ್ತಿರ ಬಂದು ಎರಡು ಸಲ ಕೆಮ್ಮಿದರು. ಅಲ್ಲಿದ್ದ ಪಶುವೈದ್ಯೆ ಕೈ ಅಡ್ಡ ಹಿಡಿದಳು.

“ಒಳಗೆ ಬಿಡೋಕಾಗಲ್ಲ ಸರ್.”

“ಪರವಾಗಿಲ್ಲ ಬಿಡಮ್ಮ, ನನಗೇನೂ ಹೆದರಿಕೆ ಇಲ್ಲ.”

“ನಿಮ್ಮ ವಿಷಯ ಅಲ್ಲ ಸರ್. ನಿಮ್ಮಿಂದ ಹಂದಿಗೆ ಸೋಂಕು ತಗಲುತ್ತೆ.”

ಅಕ್ಕ ತಕ್ಷಣ ಗೋಡೆಯ ಕಡೆ ತಿರುಗಿ ನಿಂತಳು. ಅವಳ ಭುಜಗಳು ಕುಲುಕುತ್ತಿದ್ದವು.

ಕೊನೆಗೆ ಗಾಜಿನ ಆಚೆಯಿಂದ ನೋಡಿದ್ದಾಯಿತು. ತೊಳೆದ ನೆಲ, ಸೋಸಿದ ಗಾಳಿ, ನಡುವೆ ಗುಲಾಬಿ ಬಣ್ಣದ ಹಂದಿ. ಅದು ಭಾವನನ್ನು ಒಂದು ಗಳಿಗೆ ದಿಟ್ಟಿಸಿ ಅತ್ತ ತಿರುಗಿ ಮಲಗಿತು.

“ಯಾಕೆ ಆ ಕಡೆ ತಿರುಗ್ತು?”

“ಅದಕ್ಕೆ ಹೊಸಬರು ಅಂದ್ರೆ ಆಗಲ್ಲ ಭಾವ.”

“ಒಳ್ಳೇ ಗುಣ,” ಎಂದರು ಭಾವ, ಗಂಭೀರವಾಗಿ.

ದಾನಿ ಸಿಗದ, ಕಾಯಲಾಗದ, ಆದರೆ ಹೃದಯ ಗಟ್ಟಿಯಿರುವ ರೋಗಿ ಸಮಿತಿಗೆ ಬೇಕಾಗಿತ್ತು. ಭಾವ ಆಯ್ಕೆಯಾದರು. ನಲವತ್ತು ಪುಟದ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ, ಮೂರು ಕಾಗುಣಿತದ ತಪ್ಪು ಗುರುತು ಮಾಡಿ, ಸಹಿ ಹಾಕಿದರು.

ಶಸ್ತ್ರಚಿಕಿತ್ಸೆಯ ಬೆಳಗ್ಗೆ ಆಕೆ ಹಂದಿಯ ಪಕ್ಕದಲ್ಲಿ ಕುಳಿತಳು. ಮಮತೆ ಬೆಳೆಯುತ್ತದೆಂದು ಹಂದಿಗಳಿಗೆ ಹೆಸರಿಡಬಾರದೆಂಬ ನಿಯಮವಿತ್ತು. ಇದು ಬರೀ ನಂಬರ್ ನಲವತ್ತೇಳು. ಮಮತೆಗೆ ಆ ನಿಯಮ ಯಾರೂ ತಿಳಿಸಿರಲಿಲ್ಲ. ಒಂದೇ ಒಂದು ಕೋಶವಾಗಿದ್ದಾಗಿನಿಂದ ಆಕೆ ಬಲ್ಲ ಜೀವ ಅದು. ಮತ್ತೆ ಎಚ್ಚರವಾಗದ ಆ ಅರಿವಳಿಕೆ ಏರುವವರೆಗೂ ಅದರ ಕಿವಿಯ ಹಿಂದೆ ಕೆರೆಯುತ್ತಲೇ ಇದ್ದಳು.

ಮಧ್ಯಾಹ್ನ ಆಸ್ಪತ್ರೆಯ ಪರದೆಯ ಮೇಲೆ, ಬೂದು ಬಣ್ಣದ ಮೂತ್ರಪಿಂಡ ಭಾವನ ರಕ್ತ ಹರಿದ ಕೂಡಲೇ ಕೆಂಪೇರಿದ್ದನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಮೂತ್ರ ತೊಟ್ಟಿಕ್ಕಿತು. ಆಕೆ ಅತ್ತಳು, ಗೆದ್ದದ್ದಕ್ಕೋ ಬೆಳಗಿನದಕ್ಕೋ ಆಕೆಗೇ ತಿಳಿಯಲಿಲ್ಲ. ನಿರ್ದೇಶಕರು ಪತ್ರಕರ್ತರೆದುರು “ನನ್ನ ಹಂದಿ” ಎಂದರು. ಅವರು ಅದನ್ನು ನೋಡಿದ್ದು ಫೋಟೋದಲ್ಲಿ.

ಭಾವ ಮನೆಗೆ ಬಂದರು, ಮುಖಕ್ಕೆ ಕಳೆ ಬಂತು, ಬೆಳಗ್ಗೆ ವಾಕಿಂಗ್ ಶುರುವಾಯಿತು. ದಾನಿ ಯಾರೆಂದು ನೆರೆಯವರು ಕೇಳಿದರೆ, “ಚಿಕ್ಕ ವಯಸ್ಸಿನ ಹೆಣ್ಣು. ಒಳ್ಳೇ ಕಡೆಯವರು,” ಎನ್ನುತ್ತಿದ್ದರು. ಒಮ್ಮೆ ಎದುರಿಗೇ ಇದ್ದ ನಾದಿನಿ, ಆ ಕಡೆಯವರ ಪರವಾಗಿ ತಲೆಬಾಗಿದಳು.

ಏಳನೆಯ ತಿಂಗಳಲ್ಲಿ ದೇಹ ತಿರುಗಿಬಿತ್ತು. ಯಾವ ಔಷಧಿಯೂ ನಾಟದೆ ಮೂತ್ರಪಿಂಡವನ್ನು ತೆಗೆಯಬೇಕಾಯಿತು. ಭಾವ ಮತ್ತೆ ಯಂತ್ರದ ಪಕ್ಕದ ಕುರ್ಚಿಗೆ ಬಂದರು. ಆಕೆ ಹೋಗಿ ಎದುರು ನಿಂತಳು.

“ನನ್ನಿಂದ ತಪ್ಪಾಯ್ತು ಭಾವ.”

ಭಾವ ಉತ್ತರಿಸುವ ಮೊದಲೇ ಪಕ್ಕದ ಕುರ್ಚಿಯ ದಪ್ಪ ಮೀಸೆಯ ರೋಗಿ ಕತ್ತು ಚಾಚಿದ. “ನೀವೇನಾ ಹಂದೀದು ಹಾಕಿಸ್ಕೊಂಡಿದ್ದೋರು? ಥೂ.”

“ಥೂ ಅನ್ಬೇಡಿ,” ಎಂದರು ಭಾವ, ತರಗತಿಯ ದನಿಯಲ್ಲಿ. “ಏಳು ತಿಂಗಳು ನನ್ನನ್ನ ಈ ಕುರ್ಚಿಯಿಂದ ದೂರ ಇಟ್ಟವಳು ಅವಳು, ಆ ಹಂದಿ. ನನ್ನ ಸ್ವಂತ ತಮ್ಮ ಬಂದು ಏಳು ನಿಮಿಷ ಕೂತಿಲ್ಲ.”

ಮೀಸೆಯವನು ಕತ್ತು ಹಿಂದಕ್ಕೆಳೆದುಕೊಂಡ. ಭಾವ ಇತ್ತ ತಿರುಗಿದರು.

“ಇದಕ್ಕಿಂತ ಗಟ್ಟಿ ಇರೋದು ತಯಾರಾಗೋಕೆ ಎಷ್ಟು ದಿನ ಬೇಕು?”

“ಎರಡು ವರ್ಷ.”

“ಅಲ್ಲೀವರೆಗೆ ನಾನಿರ್ತೀನಾ?”

“ಗೊತ್ತಿಲ್ಲ ಭಾವ.”

“ಮತ್ತೆ ಇಲ್ಲಿ ಬಂದು ಯಾಕೆ ನಿಂತಿದೀಯ? ಹೋಗು, ಕೆಲಸ ನೋಡು.”

ಆಕೆ ಹೋದಳು. ಭಾವ ಮಾತ್ರ ಆ ವಾರ್ಡಿನಲ್ಲಿ ವಾರಕ್ಕೆ ಮೂರು ದಿನ ಹಂದಿಗಳ ಬಗ್ಗೆ ಪಾಠ ಶುರುಮಾಡಿದರು. ಓಡಿಹೋಗಲು ಯಾರಿಗೂ ದಾರಿಯಿರಲಿಲ್ಲ. ಎಲ್ಲರ ಕೈಯನ್ನೂ ಯಂತ್ರಕ್ಕೆ ಕಟ್ಟಿಹಾಕಿತ್ತು. ನಾಲ್ಕು ತಿಂಗಳ ಮೇಲೆ ಮುಂದಿನ ಪ್ರಯೋಗಕ್ಕೆ ಹೆಸರು ಕೊಟ್ಟವರಲ್ಲಿ ಮೊದಲಿಗ ಮೀಸೆಯವನು.