ಸಣ್ಣ ಕಾರ್ಡು, ದೊಡ್ಡ ಕಾರ್ಡು

ನಾನು ಒಂದು ಲ್ಯಾಪ್‌ಟಾಪ್. ಕಡಲಾಚೆಯ ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದಾಗ ಚಿತ್ರ ಮೂಡಿಸುವ ಕೆಲಸಕ್ಕೆ ನನ್ನೊಳಗೆ ಎರಡು ಕಾರ್ಡುಗಳನ್ನು ಇಟ್ಟರು. ಒಂದು ಪ್ರೊಸೆಸರಿನಲ್ಲೇ ಸೇರಿಕೊಂಡ ಸಣ್ಣ ಗ್ರಾಫಿಕ್ಸ್. ಅದು ಬಿಸಿಯಾಗುವುದಿಲ್ಲ, ಬ್ಯಾಟರಿಯನ್ನೂ ಹೆಚ್ಚು ಕೇಳುವುದಿಲ್ಲ. ಭಾರವಾದ ಚಿತ್ರ ಬಂದರೆ ಮಾತ್ರ ತಡವರಿಸುತ್ತದೆ. ಇನ್ನೊಂದು ಪ್ರತ್ಯೇಕವಾದ ದೊಡ್ಡ ಗ್ರಾಫಿಕ್ಸ್ ಕಾರ್ಡ್. ಎಂಥ ಚಿತ್ರವನ್ನೂ ನೀರು ಹರಿದಂತೆ ಓಡಿಸುತ್ತದೆ, ಆದರೆ ಒಂದೇ ಗಂಟೆಯಲ್ಲಿ ಬ್ಯಾಟರಿ ಬರಿದಾಗುತ್ತದೆ.

ಮೊದಲು ನನ್ನನ್ನು ಕೊಂಡವರು ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೋ ಮಾಡುವವರು. ಎರಡು ವರ್ಷ ದುಡಿಸಿಕೊಂಡು ಮಾರಿಬಿಟ್ಟರು. ಆಮೇಲೆ ಬಾಗಲಕೋಟೆ ನವನಗರದ ದಾಕ್ಷಾಯಣಿಯವರ ಕೈಗೆ ಬಂದೆ. ಅವರು ಎಂಜಿನಿಯರ್ ಒಬ್ಬರ ಕಚೇರಿಯಲ್ಲಿ ಮನೆಗಳ ನಕ್ಷೆ ಬಿಡಿಸುತ್ತಿದ್ದರು. ನನ್ನನ್ನು ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿದರು. ಯಾವ ಕಾರ್ಡು ದುಡಿಯಬೇಕೆಂದು ಒಂದು ಸಾಲು ಬರೆದು, ನನ್ನನ್ನು ಆರಿಸಿ ಮತ್ತೆ ಹೊತ್ತಿಸುತ್ತಿದ್ದರು.

ಅವರ ತಾಯಿ ಗುರವ್ವನವರ ಮೂತ್ರಪಿಂಡ ಕೆಟ್ಟಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ತಾಸು. ಆಸ್ಪತ್ರೆಯ ಪ್ಲಗ್ಗುಗಳೆಲ್ಲ ಯಂತ್ರಗಳಿಗೇ ಬೇಕು. ಹಾಗಾಗಿ ಅಲ್ಲಿ ಬ್ಯಾಟರಿಯ ಮೇಲೆ ಸಣ್ಣ ಕಾರ್ಡು, ಮನೆಯಲ್ಲಿ ದೊಡ್ಡದು.

ಮಂಚದ ಪಕ್ಕ ಕೂತು ದಾಕ್ಷಾಯಣಿ ನನ್ನ ಪರದೆಯ ಮೇಲೆ, ಒಳಗೆ ನಡೆದಾಡುವಂಥ ಒಂದು ಓಣಿ ಕಟ್ಟುತ್ತಿದ್ದರು. ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಹಳೆ ಊರಿನ ಓಣಿ ಅದು. ಗುರವ್ವ ಮದುವೆಯಾಗಿ ಬಂದು ಇಪ್ಪತ್ತಾರು ವರ್ಷ ಬಾಳಿದ್ದು ಅಲ್ಲಿಯೇ.

“ಪಿಂಜಾರ ಖಾದರಸಾಬನ ಅಂಗಡಿ ಎಡಕ್ಕ ಇತ್ತು, ಬಲಕ್ಕಲ್ಲ,” ಎಂದು ಗುರವ್ವ ಹೇಳುವರು. ಮಗಳು ಅಂಗಡಿಯನ್ನು ಎತ್ತಿ ಎಡಕ್ಕೆ ಇಡುವರು. “ನಮ್ಮ ಕಟ್ಟಿ ಇಷ್ಟು ಎತ್ತರ ಇರಲಿಲ್ಲ ದಾಕ್ಷಿ. ನಾ ಕುಂತ್ರ ಕಾಲು ನೆಲ ಮುಟ್ಟತಿದ್ವು.” ಕಟ್ಟೆ ತಗ್ಗುವುದು.

ಒಮ್ಮೆ ಗುರವ್ವ, “ಒಂದೀಟು ನಡದು ತೋರಸವಾ,” ಅಂದರು. ಓಣಿಯಲ್ಲಿ ನಾಲ್ಕು ಹೆಜ್ಜೆ ಸಾಗುವಷ್ಟರಲ್ಲಿ ಚಿತ್ರ ನಿಂತು ನಿಂತು ಹೋಯಿತು.

“ಸಣ್ಣ ಕಾರ್ಡಿನ ಮ್ಯಾಲ ಐತವ್ವಾ, ತಡೀತೈತಿ. ಪೂರ್ತಿ ಮುಗೀಲಿ, ದೊಡ್ಡದರಾಗ ಚಂದಂಗ ತೋರಸ್ತೀನಿ.”

“ತಡದ್ರ ತಡೀಲಿ ಬಿಡು. ನನಗೂ ಮಣಕಾಲ ನೋವು, ನಾನೂ ಹಿಂಗ ನಡಿಯಾಕಿ.”

ದಾಕ್ಷಾಯಣಿ ನಕ್ಕು ನನ್ನನ್ನು ಮುಚ್ಚಿದರು.

ಒಂದು ಗುರುವಾರ ಬೆಳಿಗ್ಗೆ ಆಸ್ಪತ್ರೆಯಲ್ಲೇ ಓಣಿ ಮುಗಿಯಿತು. ಡಯಾಲಿಸಿಸ್ ನಡೆಯುತ್ತಿತ್ತು. ಗುರವ್ವನವರ ಮುಖ ಬಾತುಕೊಂಡಿತ್ತು, ದನಿ ಸೋತಿತ್ತು. “ಈಗ ತೋರಸು,” ಅಂದರು.

ಓಣಿ ತೆರೆದೇ ಇತ್ತು. ಸಣ್ಣ ಕಾರ್ಡಿನಲ್ಲೇ ತೋರಿಸಬಹುದಿತ್ತು. ದಾಕ್ಷಾಯಣಿ ಒಂದು ಗಳಿಗೆ ಯೋಚಿಸಿದರು. “ಎರಡ ನಿಮಿಷ ತಡಿಯವ್ವಾ, ದೊಡ್ಡದು ಹಚ್ಚತೀನಿ,” ಎಂದು ಆ ಸಾಲು ಬರೆದು ನನ್ನನ್ನು ಆರಿಸಿದರು.

ನಾನು ಮತ್ತೆ ಎಚ್ಚರಗೊಂಡೆ. ಆದರೆ ಹಿಂದಿನ ದಿನ ಹಾಕಿದ್ದ ಅಪ್‌ಡೇಟ್‌ಗೂ ದೊಡ್ಡ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶಕ್ಕೂ ಹೊಂದಿಕೆಯಾಗಲಿಲ್ಲ. ಫ್ಯಾನು ತಿರುಗುತ್ತಿತ್ತು, ಪರದೆ ಕಪ್ಪಗಿತ್ತು. ದಾಕ್ಷಾಯಣಿ ಮತ್ತೆ ಆರಿಸಿದರು, ಮತ್ತೆ ಹೊತ್ತಿಸಿದರು.

“ಬಂತೇನ?” ಎಂದು ಗುರವ್ವ ಕೇಳಿದರು.

“ಬಂತವ್ವಾ, ಬಂತು.”

ಬರಲಿಲ್ಲ. ಡಯಾಲಿಸಿಸ್ ಯಂತ್ರ ಕೂಗಿಕೊಂಡಿತು. ರಕ್ತದೊತ್ತಡ ಕುಸಿದಿದೆ ಎಂದು ನರ್ಸ್ ಓಡಿಬಂದರು. ಮಂಚವನ್ನು ತುರ್ತು ಘಟಕಕ್ಕೆ ತಳ್ಳಿಕೊಂಡು ಹೋದರು; ನನ್ನನ್ನು ಕುರ್ಚಿಯ ಮೇಲೆ ಬಿಟ್ಟು ಎಲ್ಲರೂ ಅದರ ಹಿಂದೆಯೇ ಹೋದರು. ಮಧ್ಯಾಹ್ನದ ಹೊತ್ತಿಗೆ ಗುರವ್ವ ತೀರಿಕೊಂಡರು.

ಹನ್ನೆರಡನೆಯ ದಿನ ದಾಕ್ಷಾಯಣಿ ನನ್ನನ್ನು ತೆರೆದು ಡ್ರೈವರನ್ನು ಮತ್ತೆ ಹಾಕಿದರು. ಹತ್ತು ನಿಮಿಷದ ಕೆಲಸ. ಓಣಿ ಎಲ್ಲೂ ತಡೆಯದೆ ಸಾಗಿತು. ಆ ಓಣಿಯೊಳಗಿನ ತಮ್ಮ ಹಳೆ ಮನೆಯ ಬಾಗಿಲವರೆಗೆ ಹೋಗಿ ನಿಂತರು. “ತಡದ್ರ ತಡೀಲಿ ಅಂದಿದ್ದಳಲ್ಲ,” ಎಂದು ಒಬ್ಬರೇ ಅಂದುಕೊಂಡು ಅತ್ತರು. ಅಂದೇ ದೊಡ್ಡ ಕಾರ್ಡನ್ನು ನಿಲ್ಲಿಸಿದರು. ಮತ್ತೆಂದೂ ಹಚ್ಚಲಿಲ್ಲ.

ಈಗ ನಾನು ನವನಗರದ ಒಂದು ಸಾರ್ವಜನಿಕ ಗ್ರಂಥಾಲಯದ ಮೂಲೆಯಲ್ಲಿದ್ದೇನೆ. ಒಂದು ಕಡೆಯ ಕೀಲು ಮುರಿದಿದೆ. ಓದಲು ಬಂದವರು ನನ್ನ ಪರದೆಯಲ್ಲಿ ಪತ್ರಿಕೆ ನೋಡುತ್ತಾರೆ, ಅದಕ್ಕೆ ಸಣ್ಣ ಕಾರ್ಡೇ ಸಾಕು. ಎರಡರಲ್ಲಿ ಯಾವುದು ಮೇಲು ಎಂದು ಯಾರಾದರೂ ಕೇಳಿದರೆ ನಾನೇನು ಹೇಳಲಿ? ಗುರವ್ವ ಕೇಳಿದ ಗಳಿಗೆಯಲ್ಲಿ ಯಾವುದು ಎಚ್ಚರವಿತ್ತೋ ಅದರಲ್ಲೇ ತೋರಿಸಬೇಕಿತ್ತು.

ನನ್ನನ್ನು ಇಲ್ಲಿಗೆ ಕೊಡುವ ಮುನ್ನ ದಾಕ್ಷಾಯಣಿ ಎಲ್ಲವನ್ನೂ ಅಳಿಸಿದರು. ಗುರವ್ವನವರ ಓಣಿ ಈಗ ನನ್ನೊಳಗೂ ಇಲ್ಲ.