ಬುಡ್ಡಿ ಹಿಡಿದ ಅಕ್ಕ

ಕೊಟ್ಟೂರಿನ ನಿವೃತ್ತ ಮೇಷ್ಟ್ರು ಪಂಚಾಕ್ಷರಪ್ಪನವರು ಇಪ್ಪತ್ತಮೂರು ಮಹನೀಯರ ಬಾಲ್ಯ ಬರೆದಿದ್ದರು. ಒಬ್ಬರ ಊರನ್ನೂ ಕಣ್ಣಾರೆ ಕಂಡವರಲ್ಲ. ಕಾಣುವ ದರ್ದೂ ಬಿದ್ದಿರಲಿಲ್ಲ. ಮೂವತ್ತೆರಡು ಪುಟದ ಪುಸ್ತಕ, ನಡುವೆ ಎರಡು ಪಿನ್ನು, ಮುಖಪುಟದಲ್ಲಿ ದುಂಡು ಮುಖದ ಒಬ್ಬ ಹುಡುಗ. ಮೊದಲು ಹುಟ್ಟು, ಆಮೇಲೆ ತುಂಟತನ, ಆಮೇಲೆ ಬಡತನ, ಆಮೇಲೆ ದೀಪ, ಕೊನೆಗೆ ಗುರುಗಳ ಮೆಚ್ಚುಗೆ. ದೀಪವಂತೂ ತಪ್ಪುವಂತಿರಲಿಲ್ಲ. ಪಟ್ಟಣದ ಮಹನೀಯನಿಗೆ ಬೀದಿದೀಪ, ಹಳ್ಳಿಯವನಿಗೆ ಗುಡಿಯ ದೀಪ, ಎರಡೂ ಸಿಗದಿದ್ದರೆ ಚಿಮಣಿ ಬುಡ್ಡಿ. ಒಬ್ಬ ಜಮೀನ್ದಾರರ ಮಗನನ್ನೂ ಅವರು ಬೀದಿದೀಪದ ಕೆಳಗೆ ಕೂರಿಸಿದ್ದುಂಟು. ಯಾರೂ ಯಾಕೆಂದು ಕೇಳಲಿಲ್ಲ. ಆಗಸ್ಟ್ ಹದಿನೈದರ ಬಹುಮಾನಕ್ಕೆಂದು ಶಾಲೆಗಳವರು ಕಟ್ಟುಗಟ್ಟಲೆ ಒಯ್ಯುತ್ತಿದ್ದರು.

ತೊಂಬತ್ತೊಂಬತ್ತರ ಜೂನ್ ತಿಂಗಳಲ್ಲಿ ದಾವಣಗೆರೆಯ ಪ್ರಕಾಶಕರು ಇಪ್ಪತ್ತನಾಲ್ಕನೆಯ ಹೆಸರು ಕೊಟ್ಟರು: ಬೀಜ ವಿಜ್ಞಾನಿ ಗಂಗಾಧರ. ಹೊಸ ಹತ್ತಿ ತಳಿ ತಂದು, ದಿಲ್ಲಿಯಲ್ಲಿ ಪದಕ ಹಾಕಿಸಿಕೊಂಡು, ಹಿಂದಿನ ವರ್ಷ ತೀರಿಕೊಂಡಿದ್ದರು. ಹುಟ್ಟಿದ್ದು ಕಾನಹೊಸಹಳ್ಳಿಯಿಂದ ಮೂರು ಮೈಲಿ ಒಳಗಿನ ಹಳ್ಳಿ. ಅವರ ಮೇಲೆ ಯಾರೂ ಏನೂ ಬರೆದಿರಲಿಲ್ಲವಾದ್ದರಿಂದ, ನೋಡಿ ಬರೆಯಲು ಮೇಷ್ಟ್ರಿಗೆ ಪುಸ್ತಕವೇ ಇಲ್ಲ. ವಿಧಿಯಿಲ್ಲದೆ ಚೀಲ ಹೆಗಲಿಗೇರಿಸಿ ಕೂಡ್ಲಿಗಿ ಬಸ್ಸು ಹತ್ತಿದರು.

ಗಂಗಾಧರರ ಅಕ್ಕ ಜಂಬಮ್ಮ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು. ಅರವತ್ತೈದರ ಹೆಂಗಸು, ಗಟ್ಟಿ ಗಂಟಲು. ಮೇಷ್ಟ್ರು ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ನೇರವಾಗಿ ದೀಪಕ್ಕೇ ಬಂದರು.

"ನಿಮ್ಮ ತಮ್ಮ ಬುಡ್ಡಿ ಬೆಳಕಿನಾಗ ಓದ್ತಿದ್ರೇನಮ್ಮ?"

"ಯಾರು, ಗಂಗ್ಯಾನ?" ಜಂಬಮ್ಮ ನಕ್ಕಳು. "ಕತ್ಲಾದ್ರ ಉಂಡು ಬಿದ್ಕೊಳ್ಳಾವ್ನು. ಓದ್ತಿದ್ದಾಕಿ ನಾನು."

ಮೇಷ್ಟ್ರ ಪೆನ್ನು ನಿಂತಿತು. ಅವಳು ಹೇಳುತ್ತ ಹೋದಳು. ಅವಳನ್ನು ತಡವಾಗಿ ತಮ್ಮನ ಜೊತೆಗೇ ಶಾಲೆಗೆ ಹಾಕಿದ್ದರಿಂದ ಇಬ್ಬರೂ ಏಳನೆಯ ಇಯತ್ತೆಗೆ ಒಟ್ಟಿಗೇ ಪರೀಕ್ಷೆ ಕಟ್ಟಿದರು. ಹೊಸಹಳ್ಳಿ ಶಾಲೆಗೇ ಅವಳು ಮೊದಲು ಬಂದಳು. ಹೆಡ್ ಮೇಷ್ಟ್ರು ಬಿಸಿಲಲ್ಲಿ ಮೂರು ಮೈಲಿ ನಡೆದು ಬಂದು, ಇದೇ ಕಟ್ಟೆಯ ಮೇಲೆ ಕೂತು, ಈ ಹುಡುಗಿಯನ್ನು ಕೂಡ್ಲಿಗಿಗೆ ಕಳಿಸು, ಫೀಜು ನಾನು ಕಟ್ಟುತ್ತೇನೆ ಎಂದು ಅಪ್ಪನ ಕೈ ಹಿಡಿದುಕೊಂಡಿದ್ದರು. ಮೇಷ್ಟ್ರೇ ಮನೆಗೆ ಬಂದಿದ್ದಾರೆಂದು ಅಪ್ಪನಿಗೆ ಬಲು ಸಂತೋಷವಾಯಿತು. ಆ ಸಂತೋಷದಲ್ಲಿ ಮಗನನ್ನು ಕಳಿಸಿಬಿಟ್ಟ.

"ಶನಿವಾರಕ್ಕೊಮ್ಮಿ ಬರಾವ್ನು. ನಾನು ಕಳೆ ತೆಗದು ಬಂದು ಅವ್ನ ಲೆಕ್ಕ ಬಿಡಸ್ತಿದ್ದೆ. ಹಿಂಗ ಎರಡು ವರ್ಷ. ಆಮ್ಯಾಲೆ ನನ್ನ ಇದೇ ಊರಾಗ ಕೊಟ್ರು. ತಮ್ಮ ಊರು ಬಿಟ್ಮ್ಯಾಲೆ ಅಪ್ಪನ ಈ ಮನಿ ನನಗ ಉಳೀತು."

ಮೇಷ್ಟ್ರು ಬರೆದುಕೊಂಡದ್ದನ್ನು ಅವಳು ಇಸಕೊಂಡು, ಕನ್ನಡಕವಿಲ್ಲದೆ ಓದಿ, ತಪ್ಪಿದ್ದ ಒಂದು ಇಸವಿಯನ್ನು ತೋರಿಸಿದಳು. ನಲವತ್ತು ವರ್ಷ ಪಾಠ ಹೇಳಿದ ಮನುಷ್ಯ ಕಿವಿ ಕೆಂಪಗೆ ಮಾಡಿಕೊಂಡು ತಿದ್ದಿದರು.

ಅಷ್ಟರಲ್ಲಿ ಮೊಮ್ಮಗಳು ದುರ್ಗಾ ಶಾಲೆಯಿಂದ ಬಂದಳು. ಏಳನೆಯ ಇಯತ್ತೆ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಅವಳು ಒಳಗೆ ಹೋಗುವುದನ್ನೇ ಕಾದು ಜಂಬಮ್ಮ ದನಿ ತಗ್ಗಿಸಿದಳು.

"ಇದೂ ನನ್ನಂಗ. ಕ್ಲಾಸಿಗೇ ಮೊದಲು. ನನ್ನ ಮಗ ರಾಮಾಂಜನೇಯ ಗಣೇಶನ ಹಬ್ಬ ಆದ್ಮ್ಯಾಲೆ ಬಿಡಸ್ತೀನಿ ಅಂತಾನ. ಹತ್ತಿ ಬೀಜದ ಹೊಲದಾಗ ಕ್ರಾಸಿಂಗಿಗೆ ಸಣ್ಣ ಬೆರಳಿನ ಹುಡಿಗ್ಯಾರು ಬೇಕಂತ. ಇದರ ತಮ್ಮ ಸಣ್ಣಾತನ್ನ ಕಾನ್ವೆಂಟಿಗೆ ಹಾಕ್ಯಾನಲ್ಲ."

ಕ್ರಾಸಿಂಗ್ ಎಂದರೇನೆಂದು ಆ ಸೀಮೆಯಲ್ಲಿ ಯಾರಿಗೂ ಹೇಳಬೇಕಿರಲಿಲ್ಲ. ಮಧ್ಯಾಹ್ನ ಮೊಗ್ಗು ಬಿಡಿಸಿ ಗಂಡುಭಾಗ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂವು ತಂದು ಅದಕ್ಕೆ ಒರೆಸುವುದು. ದಿನಕ್ಕೆ ಸಾವಿರ ಹೂವು.

"ನನ್ನ ಮಾತು ಅವ ಕೇಳಂಗಿಲ್ಲ ಮೇಷ್ಟ್ರೆ. ಅಚ್ಚಾದದ್ದು ಕೇಳ್ತಾನ. ಮಾವನ ಬಗ್ಗೆ ಪೇಪರ್‌ನಾಗ ಬಂದಿದ್ದಕ್ಕ ಫ್ರೇಮ್ ಹಾಕ್ಸಿ ದಿನಾ ಊದಿನಕಡ್ಡಿ ಬೆಳಗ್ತಾನ. ಹೆಡ್ ಮೇಷ್ಟ್ರು ಕರೆಯಾಕ ಬಂದಿದ್ದು ನನ್ನ ಅಂತ ನಿಮ್ಮ ಪುಸ್ತಕದಾಗ ಬರೀರಿ. ಅಷ್ಟ ಸಾಕು. ಈ ಕೂಸು ಉಳೀತೈತಿ."

"ಬರೀತೀನಮ್ಮ," ಎಂದರು ಮೇಷ್ಟ್ರು. ಮನಸ್ಸಿನಿಂದಲೇ ಅಂದರು.

ಬರೆದರು ಕೂಡ. ಆ ಕಟ್ಟೆ, ಆ ಬಿಸಿಲು, ಅಪ್ಪನ ಕೈ ಹಿಡಿದ ಹೆಡ್ ಮೇಷ್ಟ್ರು. ಇಪ್ಪತ್ತಮೂರು ಪುಸ್ತಕಗಳಲ್ಲಿ ಬರೆಯದ ಹಾಗೆ ನಾಲ್ಕು ಪುಟ ಬರೆದು, ಹೆಂಡತಿ ನಾಗಲಿಂಗಮ್ಮನಿಗೆ ಓದಿ ಹೇಳಿದರು. ಅವರು ಸೆರಗಿನಿಂದ ಮೂಗೊರೆಸಿಕೊಂಡದ್ದನ್ನು ಕಂಡು ಹಿಗ್ಗಿ, ಅದೇ ದಿನ ಪೋಸ್ಟ್ ಮಾಡಿದರು.

ವಾರದ ಮೇಲೆ ಪ್ರಕಾಶಕರು ಫೋನು ಮಾಡಿದರು. "ಚೆನ್ನಾಗೈತ್ರಿ ಸರ್, ಆದ್ರ ಮಕ್ಕಳ ಪುಸ್ತಕ ಅಲ್ಲ ಇದು. ಅಕ್ಕನ ಪಾಲಿನ ಓದು ತಮ್ಮ ಓದಿದ ಅಂದ್ರ ಮಹನೀಯ ಎಲ್ಲಿ ಉಳೀತಾನ? ಆ ನಾಕು ಪುಟ ಬದಲು ಮಾಡಿಕೊಡ್ರಿ. ಇಪ್ಪತ್ತೈದನೇ ಪುಸ್ತಕಕ್ಕ ನಿಮಗ ಸನ್ಮಾನ ಇಟ್ಕೊಂಡೀವಿ, ಮರೀಬ್ಯಾಡ್ರಿ."

ಆಗೋದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಶಾಲು, ಹಾರ, ಮೈಸೂರು ಪೇಟ ಕಣ್ಣ ಮುಂದೆ ಸುಳಿದುಹೋದವು. ಅಕ್ಕನನ್ನು ಪೂರ್ತಿ ತೆಗೆಯಲು ಮಾತ್ರ ಮನಸ್ಸು ಒಪ್ಪಲಿಲ್ಲ. ಮುದುಕಿ ಕಾದಿರುತ್ತಾಳೆ, ಎಲ್ಲಾದರೂ ಒಂದು ಕಡೆ ಇರಲಿ. ಹೀಗೆ ಯೋಚಿಸಿ, ಹಳೆಯ ದೀಪವನ್ನೇ ಹೊರಗೆ ತೆಗೆದು, ಅವಳ ಕೈಗೆ ಕೊಟ್ಟರು: 'ಪುಟ್ಟ ಗಂಗಾಧರ ಓದುತ್ತಿದ್ದರೆ ಅಕ್ಕ ಜಂಬಮ್ಮ ಕೈ ಸೋತರೂ ಬುಡ್ಡಿ ಹಿಡಿದು ನಿಂತೇ ಇರುತ್ತಿದ್ದಳು. ತಮ್ಮ ದೊಡ್ಡವನಾಗಲಿ ಎಂಬುದೊಂದೇ ಅವಳ ಆಸೆ.' ಬರೆದು ಮುಗಿಸಿದಾಗ ಇದೂ ಚೆನ್ನಾಗಿಯೇ ಇದೆ ಅನ್ನಿಸಿಬಿಟ್ಟಿತು. ಚಿತ್ರ ಬರೆಯುವವನಿಗೂ ಅದು ಹಿಡಿಸಿ, ಮುಖಪುಟಕ್ಕೆ ಅದನ್ನೇ ಬರೆದ.

ಗಣೇಶನ ಹಬ್ಬ ಕಳೆದು ಹದಿನೈದು ದಿನಕ್ಕೆ ಮೇಷ್ಟ್ರು ಐದು ಪ್ರತಿ ಹಿಡಿದು ಆ ಹಳ್ಳಿಗೆ ಹೋದರು. ಹೋಗದೆ ಇರಬಹುದಿತ್ತು, ಆದರೆ ಮುದುಕಿಗೆ ಕೊಟ್ಟ ಮಾತು ಬಿಡಲಿಲ್ಲ.

ರಾಮಾಂಜನೇಯ ಬಾಗಿಲಲ್ಲೇ ಕಾಲಿಗೆ ಬಿದ್ದ. ಪುಸ್ತಕ ಆಗಲೇ ಮನೆಗೆ ಬಂದಿತ್ತು. ಆಗಸ್ಟ್ ಹದಿನೈದಕ್ಕೆ, ಏಳನೆಯ ಇಯತ್ತೆಯ ಮೊದಲ ಬಹುಮಾನವಾಗಿ, ದುರ್ಗಾಳ ಕೈಗೇ.

"ಎಂಥಾ ಪುಸ್ತಕ ಬರದ್ರಿ ಸರ! ಮೂರು ಸಲ ಓದಿಸಿ ಕೇಳ್ದೆ. ಈ ಹುಡುಗಿ ಸಾಲಿ ಬಿಡಂಗಿಲ್ಲ ಅಂತ ಎರಡು ದಿನ ಉಂಡಿರ್ಲಿಲ್ರಿ. ಪುಸ್ತಕ ತೆಗದು ಮುಂದ ಇಟ್ಟೆ. ನೋಡವ್ವ, ನಿಮ್ಮಜ್ಜಿ ಬುಡ್ಡಿ ಹಿಡದದ್ದಕ್ಕ ಮಾವ ದಿಲ್ಲಿಗೆ ಹೋದ. ನಮ್ಮ ಮನಿತನಾನ ಹಂಗ ಬಂದೈತಿ ಅಂದೆ. ಆಮ್ಯಾಲೆ ತುಟಿ ಬಿಚ್ಚಲಿಲ್ಲ."

ಮೇಷ್ಟ್ರು ಕಟ್ಟೆಯ ಮೇಲೆ ಕೂತರು. ಜಂಬಮ್ಮ ಅಲ್ಲೇ ಇದ್ದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಾನು ಸುಳ್ಳು ಹೇಳ್ತೀನಂತ ಮೇಷ್ಟ್ರೆ," ಎಂದಳು, ಶೇಂಗಾದಿಂದ ತಲೆ ಎತ್ತದೆ. "ಹೆಡ್ ಮೇಷ್ಟ್ರು ಬಂದಿದ್ದು ನನ್ನ ಕರೆಯಾಕ ಅಂದ್ರ, ಪುಸ್ತಕದಾಗ ಇಲ್ಲಲ್ಲವ್ವ ಅಂತಾನ ಮಗ. ವಯಸ್ಸಾತು, ನಿನಗ ನೆಪ್ಪಿಲ್ಲ ಅಂತಾನ."

ಹೊತ್ತು ಇಳಿಯುವಾಗ ದುರ್ಗಾ ಹತ್ತಿ ಹೊಲದಿಂದ ಬಂದಳು. ಉಗುರು ಸಂದಿಯಲ್ಲೆಲ್ಲ ಹೂವಿನ ಹಳದಿ ಧೂಳು. ಮೇಷ್ಟ್ರನ್ನು ಕಂಡು ಕೈ ಮುಗಿದಳು. ಬಾಗಿಲೊಳಗೇ ಅವಳ ತಮ್ಮ ಟೈ ಬಿಚ್ಚದೆ ಕಾನ್ವೆಂಟಿನ ಪುಸ್ತಕ ಹರವಿಕೊಂಡು ಕೂತಿದ್ದ. ಅದೇ ಹೊತ್ತಿಗೆ ಕರೆಂಟು ಹೋಯಿತು.

"ದುರ್ಗಾ, ಬುಡ್ಡಿ ಹಚ್ಚು," ಎಂದ ರಾಮಾಂಜನೇಯ. ಅವಳು ಹಚ್ಚಿ, ಗೋಡೆಯ ಗೂಡಿನಲ್ಲಿ ಇಡಲು ಹೋದಳು. ಅಪ್ಪ ತಡೆದ. ಮೇಷ್ಟ್ರು ಬಂದಿದ್ದ ಹುರುಪು ಅವನಿಗೆ. "ಅಲ್ಲಿ ಬ್ಯಾಡ. ಕೈಯಾಗ ಹಿಡ್ಕ. ಪುಸ್ತಕದಾಗ ಐತಲ್ಲ, ಹಂಗ. ಮೇಷ್ಟ್ರು ನೋಡ್ಲಿ."

ದುರ್ಗಾ ಗೂಡು ನೋಡಿದಳು. ಅಜ್ಜಿಯ ಕಾಲದಿಂದ ಬುಡ್ಡಿ ಇಟ್ಟು ಇಟ್ಟು ಅದು ಕರ್ರಗೆ ಮಸಿ ಹಿಡಿದಿತ್ತು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. ಸಿಟ್ಟಿಲ್ಲ, ಕ್ಲಾಸಿನಲ್ಲಿ ಗೊತ್ತಾಗದ್ದನ್ನು ಕೇಳುವ ಹಾಗೆ ಕೇಳಿದಳು.

"ಗೂಡು ಐತಲ್ರಿ ಸರ. ಮತ್ತ ಅಜ್ಜಿ ಯಾಕ ಹಿಡ್ಕೊಂಡು ನಿಂತಿದ್ಲು?"

ಪಂಚಾಕ್ಷರಪ್ಪನವರಿಗೆ ಹೇಳುವುದು ಒಂದೇ ಒಂದು ಮಾತಿತ್ತು. ಸುಳ್ಳು ಬರೆದೆ ತಾಯಿ. ಬಾಯಿ ತೆರೆದರು. ರಾಮಾಂಜನೇಯ ಪುಸ್ತಕವನ್ನು ಎದೆಗವಚಿಕೊಂಡು, ಮುಖವೆಲ್ಲ ಭಕ್ತಿಯಾಗಿ, ಅವರ ಮಾತಿಗೆ ಕಾದು ನಿಂತಿದ್ದ.

"ಅದು... ಆಗಿನ ಕಾಲದಾಗ ಹಂಗಿತ್ತಮ್ಮ," ಎಂದರು.

ಜಂಬಮ್ಮ ಸುಲಿಯುತ್ತಿದ್ದ ಕೈ ನಿಲ್ಲಿಸಿ ಅವರನ್ನು ಒಂದು ಗಳಿಗೆ ನೋಡಿ, ಮತ್ತೆ ಸುಲಿಯತೊಡಗಿದಳು. ದುರ್ಗಾ ಹೂಂ ಎಂದು ತಲೆಯಾಡಿಸಿ, ಬುಡ್ಡಿ ಹಿಡಿದು ತಮ್ಮನ ಪಕ್ಕದಲ್ಲಿ ನಿಂತುಕೊಂಡಳು.