ಯಾರ ಅನುಮಾನ

"ಇಂಟರ್‌ವ್ಯೂ ಕೋಣೇಲಿ ಮೂವರು ಕೂತಿದ್ರು. ನಡುವಿನವರು ಕೇಳಿದ್ದು ಒಂದೇ ಪ್ರಶ್ನೆ. ಎನ್ವಿಗೂ ಜೆಲಸಿಗೂ ಏನಯ್ಯಾ ವ್ಯತ್ಯಾಸ?" ಇಷ್ಟು ಹೇಳಿ ಮೇಷ್ಟ್ರು ಕೇಳುಗನ ಮುಖ ನೋಡಿದರು. "ನಾವು ಎರಡಕ್ಕೂ ಹೊಟ್ಟೆಕಿಚ್ಚು ಅಂದು ಕೈ ತೊಳ್ಕೊಳ್ತೀವಿ. ನಾನಂದೆ, ಪಕ್ಕದ ಮನೆಯವನ ಕಾರು ನೋಡಿ ನನಗೂ ಬೇಕು ಅಂತ ಉರಿಯೋದು ಎನ್ವಿ. ಆ ಕಾರಿನ ಕಡೆ ನನ್ನ ಹೆಂಡ್ತಿ ನೋಡ್ತಾ ನಿಂತಾಗ ಉರಿಯೋದು ಜೆಲಸಿ. ಮೂವರೂ ನಕ್ಕುಬಿಟ್ರು. ಕೆಲಸ ನನ್ನದಾಯ್ತು."

"ಕ್ಲಾಸಲ್ಲೂ ಹೇಳ್ತಿದ್ರಿ ಸಾರ್," ಎಂದ ಬಟ್ಟೆ ಕಾರ್ಖಾನೆಯ ಮ್ಯಾನೇಜರ್, ಗಡಿಯಾರದ ಕಡೆ ಕಣ್ಣು ಹಾಯಿಸುತ್ತ.

ಆ ಒಂದು ಉತ್ತರದ ಹಿಂದೆ ಎಷ್ಟು ಬೆವರಿತ್ತೆಂಬುದು ಮೇಷ್ಟ್ರಿಗಷ್ಟೇ ಗೊತ್ತು. ವಾಚನಾಲಯದವರು ನಿಘಂಟನ್ನು ಮನೆಗೆ ಒಯ್ಯಲು ಬಿಡುತ್ತಿರಲಿಲ್ಲ. ಕುರ್ಚಿಗಳೆಲ್ಲ ಪತ್ರಿಕೆ ಓದುವ ಹಿರಿಯರಿಗೆ ಮೀಸಲು. ಅಷ್ಟು ದಪ್ಪದ ಪುಸ್ತಕವನ್ನು ಅವರು ನಿಂತುಕೊಂಡೇ ಓದಿ ಮುಗಿಸಿದ್ದರು. ಮುಂದೆ ಇಂಗ್ಲಿಷ್ ಮೇಷ್ಟ್ರಾಗಿ, ಹುಡುಗರ ಉತ್ತರಗಳಲ್ಲಿ ನಕಲಿನ ವಾಸನೆ ಹಿಡಿಯುವುದರಲ್ಲಿ ಹೆಸರಾದರು. ಹುಡುಗರು ಬೆನ್ನ ಹಿಂದೆ ಅವರನ್ನು ಅನುಮಾನದ ಹುತ್ತ ಎನ್ನುತ್ತಿದ್ದರು. ಈ ಮ್ಯಾನೇಜರ್ ಕೂಡ ಹಾಗೆ ಅಂದವನೇ. ಇಂದು ಕಾರು ಕಳಿಸಿ ಕರೆಸಿಕೊಂಡಿದ್ದ, ಕಾಲಿಗೆ ನಮಸ್ಕರಿಸಿದ್ದ, ಕೇಳುವ ಮೊದಲೇ ಕಾಫಿ ತರಿಸಿದ್ದ. ಇಷ್ಟೊಂದು ವಿನಯ ಸುಮ್ಮನೆ ಬರುವುದಿಲ್ಲವೆಂದು ಮೇಷ್ಟ್ರು ಒಂದೊಂದು ಗುಟುಕಿಗೂ ಅವನನ್ನು ಅಳೆಯುತ್ತಿದ್ದರು.

ವಿಷಯ ಸಣ್ಣದೇ, ಸೂಜಿಯ ಮೊನೆಯಷ್ಟು. ಈ ಕಾರ್ಖಾನೆಯಲ್ಲಿ ಹೊಲಿದ ಮಗುವಿನ ಅಂಗಿಯೊಂದರ ಕಾಲರಿನೊಳಗೆ ದೂರದೇಶದ ತಾಯಿಯೊಬ್ಬಳಿಗೆ ಮುರಿದ ಸೂಜಿಯ ತುದಿ ಸಿಕ್ಕಿತ್ತು. ಅಂಗಿಗಳನ್ನು ಕೊಳ್ಳುವ ಕಂಪನಿ ವಿಚಾರಣೆಗೆಂದು ತನ್ನ ಅಧಿಕಾರಿಯನ್ನು ಕಳಿಸಿತ್ತು. ಆಕೆಗೆ ಕನ್ನಡ ಬಾರದು, ಇಲ್ಲಿಯವರಿಗೆ ಅವಳ ಇಂಗ್ಲಿಷ್ ನಿಲುಕದು. ನಡುವೆ ಸೇತುವೆಯಾಗಬೇಕಾದವರು ಮೇಷ್ಟ್ರು.

ಹೊಲಿಗೆ ವಿಭಾಗದ ಮೇಲಿದ್ದ ಗಾಜಿನ ಕೋಣೆಯಲ್ಲಿ ವಿಚಾರಣೆ ಶುರುವಾಯಿತು. ಕೆಳಗಿನ ಯಂತ್ರಗಳ ಸದ್ದು ನೆಲದಿಂದ ಅಂಗಾಲಿಗೆ ಏರಿ ಬರುತ್ತಿತ್ತು. ಮೇಜಿನ ಮೇಲೆ, ಪಾರದರ್ಶಕ ಚೀಲದಲ್ಲಿ, ಆ ಲೋಹದ ಚೂರು.

ಮೊದಲು ಕಾಲರ್ ಹೊಲಿಯುವ ಹುಡುಗಿ ಮಾತಾಡಿದಳು. "ಸೂಜಿ ಮುರೀತು, ಇಲ್ಲ ಅನ್ನಲ್ಲ. ಎಲ್ಲಾ ತುಂಡೂ ಆಯ್ದು ಅಣ್ಣನ ಕೈಗೇ ಕೊಟ್ಟೆ. ಕೊಡದೆ ಹೋದ್ರೆ ಹೊಸ ಸೂಜಿ ಎಲ್ಲಿ ಕೊಡ್ತಾರೆ? ಇಲ್ಲಿ ಅದೇ ಅಲ್ವಾ ಕಟ್ಟಳೆ?"

ಅಣ್ಣ ಎಂದರೆ ಪಕ್ಕದಲ್ಲಿ ನಿಂತಿದ್ದ ಸೂಪರ್‌ವೈಸರ್. ಹೆಂಗಸರೆಲ್ಲ ಅವನನ್ನು ಕರೆಯುವುದೇ ಹಾಗೆ. ಮಾತಾಡುವಷ್ಟು ಹೊತ್ತೂ ಹುಡುಗಿ ಹೆಬ್ಬೆರಳಿನಿಂದ ತೋರುಬೆರಳನ್ನು ತಿಕ್ಕುತ್ತಲೇ ಇದ್ದಳು. ಮೇಷ್ಟ್ರ ದೃಷ್ಟಿ ಅಲ್ಲೇ ನೆಟ್ಟಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಪರೀಕ್ಷೆಯ ಕೋಣೆಯಲ್ಲಿ ಚೀಟಿ ಅಡಗಿಸಿದ ಕೈಗಳು ಹೀಗೇ ಆಡುತ್ತಿದ್ದವಲ್ಲ, ಎಂದುಕೊಂಡರು.

ಸೂಪರ್‌ವೈಸರ್ ಗಂಟಲು ಸರಿಮಾಡಿಕೊಂಡ. "ಅವತ್ತು ಕೆಲಸದ ಒತ್ತಡ ಸಾರ್. ಕೊಟ್ಲೋ ಬಿಟ್ಲೋ ನೆನಪಿಲ್ಲ. ಈ ಹುಡುಗಿ ವಿಷಯ... ಅನುಮಾನ ಸಾರ್."

"ಹಿ ಸಸ್ಪೆಕ್ಟ್ಸ್ ಹರ್," ಎಂದರು ಮೇಷ್ಟ್ರು, ಕ್ಷಣವೂ ತಡೆಯದೆ.

ಅಧಿಕಾರಿಯ ಪೆನ್ನು ಕಾಗದದ ಹತ್ತಿರ ಹೋಗಿ ನಿಂತುಬಿಟ್ಟಿತು. ಆಕೆಗೂ ಇಂಗ್ಲಿಷ್ ತಾಯ್ನುಡಿಯಲ್ಲ. ಒಂದೊಂದು ಪದವನ್ನೂ ಮುಟ್ಟಿ ನೋಡಿ ಇಡುವವಳು. "ಕ್ಷಮಿಸಿ," ಎಂದು ಇಂಗ್ಲಿಷಿನಲ್ಲೇ ಕೇಳಿದಳು, "ಅವರು ಹೇಳಿದ್ದು ಸಸ್ಪೆಕ್ಟ್ ಎಂದೋ, ಡೌಟ್ ಎಂದೋ? ನನ್ನ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು, ಅದಕ್ಕೇ ಕೇಳಿದೆ. ಸಸ್ಪೆಕ್ಟ್ ಎಂದು ನಾನು ಬರೆದರೆ ಈಕೆ ನಾಳೆ ಈ ಯಂತ್ರದ ಮುಂದೆ ಕೂರುವುದಿಲ್ಲ."

ಮೇಷ್ಟ್ರ ಕಿವಿ ಬಿಸಿಯಾಯಿತು. ತಮ್ಮ ಪದಕ್ಕೆ ಹೀಗೆ ಪ್ರಶ್ನೆ ಹಾಕಿದವರು ಇಷ್ಟು ವರ್ಷಗಳಲ್ಲಿ ಯಾರೂ ಇರಲಿಲ್ಲ.

"ಏನಂತೆ ಸಾರ್?" ಮ್ಯಾನೇಜರ್ ಬಗ್ಗಿ ಪಿಸುಗುಟ್ಟಿದ. "ಹೌದು ಅಂದ್ಬಿಡಿ. ಒಂದು ಹೆಸರು ಸಿಕ್ರೆ ಆರ್ಡರ್ ಉಳಿಯುತ್ತೆ. ಸಸ್ಪೆಕ್ಟೋ ಡೌಟೋ, ಎರಡೂ ಒಂದೇ ತಾನೆ?"

"ಒಂದೇ ಆಗಿದ್ರೆ ನಿನಗೆ ನಾನ್ಯಾಕೆ ಬೇಕಿತ್ತೋ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಮಾಡಿರಬೇಕು ಎಂಬ ಕಡೆಗೆ ಮನಸ್ಸು ವಾಲಿದರೆ ಅದು ಸಸ್ಪೆಕ್ಟ್. ಮಾಡಿರಲಾರಳು ಎಂಬ ಕಡೆಗೆ ವಾಲಿದರೆ ಡೌಟ್. ಇಂಗ್ಲಿಷಿನಲ್ಲಿ ಎರಡೂ ಒಂದಕ್ಕೊಂದು ಬೆನ್ನು ಹಾಕಿ ನಿಂತ ಪದಗಳು. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವೆನ್ನುತ್ತಾರೆ. ಕನ್ನಡದ ಅನುಮಾನವೆಂಬ ಒರೆಯಲ್ಲಿ ಮಾತ್ರ ಅವೆರಡೂ ತಂಟೆ ತಕರಾರಿಲ್ಲದೆ ಮಲಗಿದ್ದವು. ಸೂಪರ್‌ವೈಸರ್ ತೋರಿಸಿದ್ದು ಬರೀ ಒರೆಯನ್ನು. ಕತ್ತಿ ಹಿರಿದವರು ಯಾರು? ಹುಡುಗಿಯ ಬೆರಳುಗಳನ್ನು ನೋಡುತ್ತ ಕುಳಿತಿದ್ದವರು ಯಾರು?

ಕನ್ನಡಕ ಏರಿಸಿಕೊಂಡು ಸೂಪರ್‌ವೈಸರನ ಕಡೆ ತಿರುಗಿದರು. "ಯಾವ ಅನುಮಾನಪ್ಪಾ ನಿಂದು?"

"ಅಯ್ಯೋ, ಅನುಮಾನ ಅಂದ್ರೆ ಅನುಮಾನ ಸಾರ್. ಅದರಲ್ಲಿ ಯಾವುದು ಅಂತ ಬೇರೆ ಇರುತ್ತಾ?"

"ಇರುತ್ತೆ. ಇವಳು ಚೂರು ಒಳಗೆ ಬಿಟ್ಟಿದ್ದಾಳೆ ಅಂತ ಅನುಮಾನವೋ, ಇವಳು ಬಿಟ್ಟಿರೋದೇ ಅನುಮಾನವೋ?"

ಸೂಪರ್‌ವೈಸರ್ ಮ್ಯಾನೇಜರನ ಕಡೆ ನೋಡಿದ. ಮ್ಯಾನೇಜರ್ ಚಾವಣಿ ನೋಡಿದ.

"ಅಲ್ಲೆಲ್ಲೋ ಯಾಕೆ ನೋಡ್ತೀಯಾ ಅಣ್ಣಾ?" ಹುಡುಗಿಯ ದನಿ ಏರಿತು. "ನನ್ನ ಮುಖ ನೋಡಿ ಹೇಳು. ನಿನ್ನ ಅಂಗೈ ಮೇಲೆ ಇಟ್ಟೆನೋ ಇಲ್ವೋ?"

"ಏನೋ ಇಟ್ಟಳು ಸಾರ್," ಎಂದ ಅವನು, ಕೊನೆಗೆ, ನೆಲಕ್ಕೆ ಹೇಳುವಂತೆ. "ಎಲ್ಲಾ ತುಂಡೂ ಇತ್ತಾ ಅಂತ ನಾನು ಜೋಡಿಸಿ ನೋಡ್ಲಿಲ್ಲ. ಇವಳು ಬಿಟ್ಟಿರೋದೇ ಅನುಮಾನ. ಸಾಕಾ? ಇನ್ನು ನನ್ನ ತಲೆ ಮೇಲೆ ಹಾಕ್ಬೇಡಿ."

ಮೇಷ್ಟ್ರು ಎದ್ದು ನಿಂತರು. ತರಗತಿಯಲ್ಲಿ ತಪ್ಪು ತಿದ್ದುವಾಗ ನಿಲ್ಲುತ್ತಿದ್ದಂತೆ ನೆಟ್ಟಗೆ ನಿಂತು, ಅವನು ಹೇಳಿದ್ದಷ್ಟನ್ನೂ ಕೂಡಿಸದೆ ಕಳೆಯದೆ ಇಂಗ್ಲಿಷಿಗೆ ತಂದರು. ಕಡೆಗೆ ಇನ್ನೊಂದು ವಾಕ್ಯ ಸೇರಿಸಿದರು. ಆ ವಾಕ್ಯ ಕೇಳಿ ಅಧಿಕಾರಿ ಅವರ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದಳು. ಹುಡುಗಿಯ ಹೆಸರು ಬರೆಯುವುದಿಲ್ಲವೆಂದೂ, ಮುರಿದ ಸೂಜಿಗಳನ್ನು ಇಲ್ಲಿ ಹೇಗೆ ಒಪ್ಪಿಸಿಕೊಳ್ಳುತ್ತಾರೆಂದು ತಾನೇ ಕೆಳಗಿಳಿದು ನೋಡುವೆನೆಂದೂ ಹೇಳಿದಳು. ಮೇಷ್ಟ್ರು ಅದನ್ನು ಕನ್ನಡಿಸಿದರು.

ಹೊರಡುವಾಗ ಮ್ಯಾನೇಜರ್ ಬಾಗಿಲವರೆಗೂ ಬರಲಿಲ್ಲ. "ಕಾರು ಬೇರೆ ಕಡೆ ಹೋಗಿದೆ ಸಾರ್. ಮುಂದಿನ ತಿರುವಿನಲ್ಲಿ ಬಸ್ಸು ಸಿಗುತ್ತೆ," ಎಂದ, ಕೂತಲ್ಲಿಂದಲೇ.

ಮೇಷ್ಟ್ರು ಕಂಬಿ ಹಿಡಿದು ಮೆಟ್ಟಿಲಿಳಿಯುತ್ತಿದ್ದಾಗ ಹಿಂದಿನಿಂದ ಹುಡುಗಿಯ ಚಪ್ಪಲಿಯ ಸದ್ದಾಯಿತು.

"ಅಜ್ಜಾ, ನಿಲ್ಲಿ. ಕೊನೇಲಿ ಆ ಮೇಡಂಗೆ ಎದ್ದು ನಿಂತು ಏನೋ ಅಂದ್ರಲ್ಲ, ಏನದು?"

"ದಿ ಸಸ್ಪಿಷನ್ ವಾಸ್ ಮೈನ್."

"ಹಂಗಂದ್ರೆ?"

"ಅನುಮಾನ ಅವನದಲ್ಲ, ನನ್ನದು ಅಂತ."

ಹುಡುಗಿ ಎರಡು ಮೆಟ್ಟಿಲು ಇಳಿದು ಅವರ ಸಮಕ್ಕೆ ಬಂದು ನಿಂತಳು. "ಈಗ ಹೋಯ್ತಾ?"

ಮೇಷ್ಟ್ರು ಅವಳ ಮುಖವನ್ನು ಗಮನವಿಟ್ಟು ಓದಲು ನೋಡಿದರು. ಅಲ್ಲಿದ್ದದ್ದು ನೆಮ್ಮದಿಯೋ, ಗೆದ್ದ ಜಾಣತನವೋ, ಬರೀ ದಣಿವೋ. ಯಾವ ಪದವೂ ಸರಿಯಾಗಿ ಕೂರಲಿಲ್ಲ.

"ಗೊತ್ತಿಲ್ಲಮ್ಮ," ಎಂದರು.

"ಪರವಾಗಿಲ್ಲ ಬಿಡಿ, ನೀವೊಬ್ಬರಾದ್ರೂ ಬಾಯಿಬಿಟ್ಟು ಹೇಳಿದ್ರಿ." ಅವಳು ಕೆಳಗಿನ ಯಂತ್ರಗಳ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದನ್ನು ಅವರ ಕಡೆ ತಿರುಗಿಸಿದಳು. "ಇನ್ನೊಂದ್ಸಲ ಹೇಳಿ ಅಜ್ಜಾ, ಇಂಗ್ಲಿಷಲ್ಲೇ. ಸ್ವಲ್ಪ ನಿಧಾನಕ್ಕೆ."